ಗೆಟಿಸ್‌ಬರ್ಗ್‌ನ ವಿವಾದಿತ ಸೇನಾನಿ ಡೇನಿಯಲ್ ಸಿಕಲ್ಸ್

ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈ 1ರಿಂದ 3ರವರೆಗೆ ನಡೆದ ಕದನ ಅಮೆರಿಕದ ಅಂತರ್ಯುದ್ಧಕ್ಕೆ ಮಹತ್ವದ ತಿರುವು ನೀಡಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟವನ್ನು ತೊರೆದಿದ್ದ ದಕ್ಷಿಣದ ರಾಜ್ಯಗಳ ಸೇನೆ ಸೋತು ಹಿಮ್ಮೆಟ್ಟಿತು. ಉತ್ತರದ ಒಕ್ಕೂಟ ಸೇನೆಗೆ ಜಯ ದೊರೆಯಿತು. ಆದರೆ ಗೆದ್ದ ಸೇನೆಯ ಅಂಗವಾಗಿದ್ದ ಮೂರನೇ ಕೋರ್ ಅಂದು ಬಿದ್ದ ಪೆಟ್ಟಿನಿಂದ ಚೇತರಿಸಿಕೊಳ್ಳಲೇ ಇಲ್ಲ. ಒಂಬತ್ತು ತಿಂಗಳೊಳಗೆ ಅದರ ಹೆಸರು ಸೇನೆಯ ಪಟ್ಟಿಯಿಂದ ಅಳಿಸಿಹೋಯಿತು. ಅದನ್ನು ಮುನ್ನಡೆಸಿದ್ದ ಡೇನಿಯಲ್ ಸಿಕಲ್ಸ್ ಮಾತ್ರ ಮುಂದೆ ಅರ್ಧ ಶತಮಾನ ಬದುಕಿ, ಕೊನೆಯವರೆಗೂ ತನ್ನ ನಿರ್ಧಾರವನ್ನು ಸಮರ್ಥಿಸಿಕೊಂಡ.

1819ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಸಿಕಲ್ಸ್ ವೃತ್ತಿಯಿಂದ ವಕೀಲ, ಪ್ರವೃತ್ತಿಯಿಂದ ರಾಜಕಾರಣಿ. ಡೆಮಾಕ್ರಟಿಕ್ ಪಕ್ಷದಿಂದ ಆಯ್ಕೆಯಾಗಿ 1857ರಲ್ಲಿ ಅಮೆರಿಕದ ಸಂಸತ್ತನ್ನು ಪ್ರವೇಶಿಸಿದ. 1859ರ ಫೆಬ್ರವರಿಯಲ್ಲಿ, ತನ್ನ ಪತ್ನಿಯೊಡನೆ ಸಂಬಂಧ ಹೊಂದಿದ್ದ ಫಿಲಿಪ್ ಬಾರ್ಟನ್ ಕೀ ಎಂಬ ಸರ್ಕಾರಿ ವಕೀಲನನ್ನು ಶ್ವೇತಭವನದ ಸಮೀಪ ಹಾಡಹಗಲೇ ಗುಂಡಿಕ್ಕಿ ಕೊಂದ. ತಾತ್ಕಾಲಿಕ ಬುದ್ಧಿಭ್ರಮಣೆಯ ವಾದವನ್ನು ಮುಂದಿಟ್ಟು ಅವನ ವಕೀಲರು ಖುಲಾಸೆ ದೊರಕಿಸಿಕೊಟ್ಟರು. 1861ರಲ್ಲಿ ಯುದ್ಧ ಆರಂಭವಾದಾಗ, ಕಳೆದುಹೋದ ಗೌರವವನ್ನು ಮರಳಿ ಗಳಿಸುವ ಅವಕಾಶ ಅವನ ಪಾಲಿಗೆ ತಾನಾಗಿ ಒದಗಿಬಂತು. ನ್ಯೂಯಾರ್ಕಿನಲ್ಲಿ ಸ್ವಯಂಸೇವಕರನ್ನು ಕಲೆಹಾಕಿ ಐದು ರೆಜಿಮೆಂಟ್‌ಗಳ ಎಕ್ಸೆಲ್ಸಿಯರ್ ಬ್ರಿಗೇಡ್ ಕಟ್ಟಿದ. ಸೈನಿಕ ಶಾಲೆಯ ಮೆಟ್ಟಿಲು ಹತ್ತದ ಈತ, ಎರಡೇ ವರ್ಷಗಳಲ್ಲಿ ಒಂದು ಕೋರ್‌ನ ದಂಡನಾಯಕನಾದ.

ಕೋರ್ ಎಂಬ ವ್ಯವಸ್ಥೆ

ಯುದ್ಧದ ಆರಂಭದಲ್ಲಿ ಒಕ್ಕೂಟ ಸೇನೆಯಲ್ಲಿ ಕೋರ್‌ಗಳೇ ಇರಲಿಲ್ಲ. 1862ರ ಮಾರ್ಚ್‌ನಲ್ಲಿ ಅಧ್ಯಕ್ಷ ಲಿಂಕನ್ ಅವರ ಆದೇಶದಂತೆ ಪೊಟೊಮ್ಯಾಕ್ ಸೇನೆಯಲ್ಲಿ ಅವು ರೂಪುಗೊಂಡವು. ಕೆಲವು ರೆಜಿಮೆಂಟ್‌ಗಳು ಸೇರಿ ಬ್ರಿಗೇಡ್, ಬ್ರಿಗೇಡ್‌ಗಳು ಸೇರಿ ಡಿವಿಷನ್, ಎರಡು ಅಥವಾ ಮೂರು ಡಿವಿಷನ್‌ಗಳು ಸೇರಿ ಕೋರ್. 1863ರ ವಸಂತದಲ್ಲಿ ಪ್ರಧಾನ ದಂಡನಾಯಕ ಹುಕರ್ ಪ್ರತಿ ಕೋರ್‌ಗೂ ಒಂದು ಲಾಂಛನ ನೀಡಿದ. ಮೂರನೇ ಕೋರ್‌ನ ಗುರುತು ವಜ್ರಾಕೃತಿ. ಮೊದಲ ಡಿವಿಷನ್ನಿಗೆ ಕೆಂಪು, ಎರಡನೆಯದಕ್ಕೆ ಬಿಳಿ, ಮೂರನೆಯದಕ್ಕೆ ನೀಲಿ. ಟೋಪಿಯ ಮೇಲಿನ ಆ ಬಟ್ಟೆಯ ತುಂಡು ಸೈನಿಕನಿಗೆ ಕುಲದ ಹೆಸರಿನಷ್ಟೇ ಅಭಿಮಾನದ ಸಂಗತಿಯಾಯಿತು.

1863ರ ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್ ಕದನದಲ್ಲಿ ಈ ಕೋರ್ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಮೂವರು ಡಿವಿಷನ್ ನಾಯಕರ ಪೈಕಿ ಬೆರಿ ಮತ್ತು ವಿಪ್ಪಲ್ ಬಲಿಯಾದರು. ಅಳಿದುಳಿದವರನ್ನು ಎರಡು ಡಿವಿಷನ್‌ಗಳಿಗೆ ಹೊಂದಿಸಲಾಯಿತು; ನೀಲಿ ವಜ್ರದ ಡಿವಿಷನ್ ಇಲ್ಲವಾಯಿತು. ಅದೇ ಕದನದಲ್ಲಿ ಹೇಜಲ್ ಗ್ರೋವ್ ಎಂಬ ಎತ್ತರದ ಬಯಲನ್ನು ಬಿಟ್ಟುಬರುವಂತೆ ಸಿಕಲ್ಸ್‌ಗೆ ಆದೇಶವಾಗಿತ್ತು. ಅವನು ಬಿಟ್ಟೊಡನೆ ಶತ್ರುಗಳು ಅಲ್ಲಿ ಫಿರಂಗಿಗಳನ್ನು ನಿಲ್ಲಿಸಿ ಒಕ್ಕೂಟ ಸೇನೆಯನ್ನು ಜರ್ಜರಿತಗೊಳಿಸಿದ್ದರು. ಆ ಕಹಿ ಅವನ ಮನಸ್ಸಿನಿಂದ ಮಾಸಲಿಲ್ಲ.

ಆದೇಶ ಮೀರಿದ ಹೆಜ್ಜೆ

ಎರಡು ತಿಂಗಳ ನಂತರ ಗೆಟಿಸ್‌ಬರ್ಗ್‌ಗೆ ಬಂದಾಗ ಮೂರನೇ ಕೋರ್‌ನ ಬಲ ಸುಮಾರು 10,700. ಬರ್ನಿಯ ಮೊದಲ ಡಿವಿಷನ್ನಿನಲ್ಲಿ ಗ್ರಹಾಂ, ವಾರ್ಡ್ ಮತ್ತು ದ ಟ್ರೋಬ್ರಿಯಾಂಡ್ ಅವರ ಬ್ರಿಗೇಡ್‌ಗಳಿದ್ದವು; ಹಂಫ್ರೀಸ್‌ನ ಎರಡನೇ ಡಿವಿಷನ್ನಿನಲ್ಲಿ ಕಾರ್, ಬ್ರೂಸ್ಟರ್ ಮತ್ತು ಬರ್ಲಿಂಗ್ ಅವರವು. ಕ್ಯಾಪ್ಟನ್ ರ‍್ಯಾಂಡಾಲ್ಫ್‌ನ ಅಧೀನದಲ್ಲಿ ಐದು ಬ್ಯಾಟರಿಗಳ 30 ಫಿರಂಗಿಗಳು. ಎದುರಾಳಿ ಲೀಯ ಸೇನೆಯಲ್ಲಿದ್ದುದು ಮೂರೇ ಕೋರ್‌ಗಳಾದರೂ ಒಂದೊಂದರಲ್ಲೂ ಸುಮಾರು 20,000 ಜನರಿದ್ದರು. ಹೆಸರು ಒಂದೇ, ಬಲ ಮಾತ್ರ ಅರ್ಧ.

ಜುಲೈ 2ರಂದು, ಸೇನೆಯ ಹೊಣೆ ಹೊತ್ತು ಇನ್ನೂ ವಾರವೂ ಕಳೆದಿರದ ದಂಡನಾಯಕ ಮೀಡ್, ಸೆಮೆಟರಿ ರಿಜ್ ದಿಣ್ಣೆಯ ಎಡಭಾಗದಲ್ಲಿ, ಲಿಟಲ್ ರೌಂಡ್ ಟಾಪ್ ಗುಡ್ಡದವರೆಗೆ ನಿಲ್ಲುವಂತೆ ಸಿಕಲ್ಸ್‌ಗೆ ಸೂಚಿಸಿದ್ದ. ಆ ಜಾಗ ತಗ್ಗಾಗಿತ್ತು. ಸುಮಾರು ಒಂದು ಕಿಲೋಮೀಟರ್ ಮುಂದಿದ್ದ ಪೀಚ್ ಹಣ್ಣಿನ ತೋಟ ಎತ್ತರದಲ್ಲಿತ್ತು. ಹೇಜಲ್ ಗ್ರೋವ್‌ನ ನೆನಪು ಕಾಡುತ್ತಿದ್ದ ಸಿಕಲ್ಸ್, ಅಂದು ಮಧ್ಯಾಹ್ನ ಅಪ್ಪಣೆಯಿಲ್ಲದೆ ಇಡೀ ಕೋರ್ ಅನ್ನು ಅಲ್ಲಿಗೆ ನಡೆಸಿದ.

ಎತ್ತರ ದಕ್ಕಿತು, ಆದರೆ ಲೆಕ್ಕ ತಪ್ಪಿತು. ಹೊಸ ಸಾಲು ಹಳೆಯದಕ್ಕಿಂತ ಬಹಳ ಉದ್ದವಾಗಿತ್ತು. ಪೀಚ್ ತೋಟದಲ್ಲಿ ಅದು ಮೂಲೆಯಾಗಿ ಬಾಗಿದ್ದರಿಂದ ಎರಡು ದಿಕ್ಕಿನ ಗುಂಡಿಗೂ ಮೈಯೊಡ್ಡಬೇಕಾಯಿತು. ಬಲಕ್ಕಿದ್ದ ಎರಡನೇ ಕೋರ್‌ನೊಂದಿಗಿನ ಕೊಂಡಿ ಕಳಚಿತು. ಎಡಕ್ಕಿದ್ದ ಲಿಟಲ್ ರೌಂಡ್ ಟಾಪ್ ಬರಿದಾಯಿತು. ಮೂರನೆಯ ಡಿವಿಷನ್ ಇಲ್ಲದ ಕೋರ್‌ನಲ್ಲಿ ಮೀಸಲು ಪಡೆ ಎಂಬುದೇ ಉಳಿಯಲಿಲ್ಲ. ಬಿರುಕುಗಳನ್ನು ಮುಚ್ಚಲು ಬರ್ಲಿಂಗ್‌ನ ಬ್ರಿಗೇಡನ್ನು ರೆಜಿಮೆಂಟ್‌ಗಳಾಗಿ ಒಡೆದು ಅಲ್ಲಲ್ಲಿ ಹಂಚಲಾಯಿತು. ಕಡೆಗೆ ಬ್ರಿಗೇಡ್‌ನ ನಾಯಕನ ಬಳಿ ಆಜ್ಞೆ ಪಾಲಿಸುವ ಪಡೆಯೇ ಇರಲಿಲ್ಲ.

ಸ್ಥಳಕ್ಕೆ ಧಾವಿಸಿದ ಮೀಡ್‌ಗೆ ಸಿಕಲ್ಸ್ ಹಿಂದೆ ಸರಿಯುವುದಾಗಿ ಹೇಳಿದನಾದರೂ ಕಾಲ ಮಿಂಚಿತ್ತು. ಲಾಂಗ್‌ಸ್ಟ್ರೀಟ್‌ನ ಫಿರಂಗಿಗಳು ಗರ್ಜಿಸಿದವು. ಹುಡ್ ಮತ್ತು ಮೆಕ್‌ಲಾಸ್‌ರ ಡಿವಿಷನ್‌ಗಳು ಒಂದರ ಹಿಂದೊಂದು ಮೇಲೆರಗಿದವು. ಗೋಧಿ ಹೊಲ, ಪೀಚ್ ತೋಟ, ಬಂಡೆಗಳ ಡೆವಿಲ್ಸ್ ಡೆನ್ ರಕ್ತದಲ್ಲಿ ತೊಯ್ದವು. ಇಂಜಿನಿಯರ್ ವಾರನ್‌ನ ಸಮಯಪ್ರಜ್ಞೆಯಿಂದ ಐದನೇ ಕೋರ್‌ನ ತುಕಡಿಗಳು ಕೊನೆಯ ಗಳಿಗೆಯಲ್ಲಿ ಲಿಟಲ್ ರೌಂಡ್ ಟಾಪ್ ಏರಿ ಅದನ್ನು ಉಳಿಸಿದವು. ಎರಡನೇ ಕೋರ್‌ನಿಂದಲೂ ಪಡೆಗಳನ್ನು ಕಳುಹಿಸಬೇಕಾಯಿತು. ಸಾಲಿನಲ್ಲಿ ತೆರೆದ ಬಿರುಕಿಗೆ ನುಗ್ಗಿದ ಮಿನ್ನೆಸೊಟಾದ 262 ಯೋಧರಲ್ಲಿ ಬಹುಪಾಲು ಮಂದಿ ಸತ್ತರು ಇಲ್ಲವೇ ಗಾಯಗೊಂಡರು.

ಸಂಜೆಯ ವೇಳೆಗೆ ಫಿರಂಗಿಯ ಗುಂಡೊಂದು ಸಿಕಲ್ಸ್‌ನ ಬಲಗಾಲನ್ನು ಛಿದ್ರಗೊಳಿಸಿತು. ಕಾಲನ್ನು ಕತ್ತರಿಸಲಾಯಿತು. ಕತ್ತಲಾಗುವಷ್ಟರಲ್ಲಿ ಕೋರ್ ಚದುರಿ, ಮೂಲ ದಿಣ್ಣೆಗೇ ಹಿಂದಿರುಗಿತ್ತು. ಸತ್ತವರು, ಗಾಯಾಳುಗಳು, ಕಣ್ಮರೆಯಾದವರು ಸೇರಿ 4,200ಕ್ಕೂ ಹೆಚ್ಚು. ಹತ್ತು ಮಂದಿಯಲ್ಲಿ ಸುಮಾರು ನಾಲ್ವರು. 1864ರ ಮಾರ್ಚ್‌ನಲ್ಲಿ ಸೇನೆಯನ್ನು ಮರುಸಂಘಟಿಸಿದಾಗ ಮೂರನೇ ಕೋರ್ ವಿಸರ್ಜನೆಗೊಂಡಿತು. ಅದರ ಹಳೆಯ ಯೋಧರು ಎರಡನೇ ಕೋರ್‌ನಲ್ಲಿ ಲೀನವಾದರು.

ಮುಗಿಯದ ವ್ಯಾಜ್ಯ

ಸಿಕಲ್ಸ್ ಸೋಲೊಪ್ಪಲಿಲ್ಲ. ಚೇತರಿಸಿಕೊಳ್ಳಲು ವಾಷಿಂಗ್ಟನ್ನಿಗೆ ಬಂದು, ತನ್ನ ಮುನ್ನಡೆಯೇ ಶತ್ರುವಿನ ದಾಳಿಯ ವೇಗ ಕುಗ್ಗಿಸಿತೆಂದು ವಾದಿಸಿ, ಮೀಡ್ ವಿರುದ್ಧ ಸಂಸತ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದ. ಕತ್ತರಿಸಿದ ಕಾಲಿನ ಮೂಳೆಯನ್ನು ಸೇನೆಯ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟು, ಆಗಾಗ ಅದನ್ನು ನೋಡಲು ಹೋಗುತ್ತಿದ್ದ. 1869ರಿಂದ ಸ್ಪೇನ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ. 1897ರಲ್ಲಿ ಶೌರ್ಯಕ್ಕಾಗಿ ಮೆಡಲ್ ಆಫ್ ಆನರ್ ದೊರೆಯಿತು.

ಆದರೂ ಆ ನೆಲದ ಋಣವನ್ನು ಅವನು ಇನ್ನೊಂದು ಬಗೆಯಲ್ಲಿ ತೀರಿಸಿದ. ಮತ್ತೆ ಸಂಸದನಾಗಿ, ಗೆಟಿಸ್‌ಬರ್ಗ್ ರಣರಂಗವನ್ನು ರಾಷ್ಟ್ರೀಯ ಉದ್ಯಾನವಾಗಿ ಸಂರಕ್ಷಿಸುವ 1895ರ ಕಾಯ್ದೆಗೆ ಕಾರಣನಾದ. ನ್ಯೂಯಾರ್ಕ್ ಸ್ಮಾರಕ ಆಯೋಗದ ಅಧ್ಯಕ್ಷನಾಗಿದ್ದಾಗ ಹಣದ ಲೆಕ್ಕ ಸರಿಹೊಂದದೆ 1912ರಲ್ಲಿ ಆ ಸ್ಥಾನ ಕಳೆದುಕೊಂಡ. 1914ರ ಮೇ 3ರಂದು ನಿಧನನಾದ.

ಆ ಬಯಲಿನಲ್ಲಿ ಅನೇಕ ಸೇನಾನಿಗಳ ಪ್ರತಿಮೆಗಳಿವೆ, ಸಿಕಲ್ಸ್‌ನದಿಲ್ಲ. ಅವನ ಹೆಜ್ಜೆ ಸೇನೆಯನ್ನು ಉಳಿಸಿತೋ ಅಪಾಯಕ್ಕೆ ದೂಡಿತೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ನಿಂತಿಲ್ಲ. ಎರಡು ಡಿವಿಷನ್‌ಗಳ ಪಡೆಗೆ ಮೂರು ಡಿವಿಷನ್‌ಗಳ ನೆಲವನ್ನು ಕಾಯುವ ಹೊರೆ ಹೊರಿಸಿದ್ದಕ್ಕೆ ಬೆಲೆ ತೆತ್ತವರು ವಜ್ರದ ಲಾಂಛನ ಧರಿಸಿದ್ದ ಸಾಮಾನ್ಯ ಸೈನಿಕರು ಎಂಬುದರಲ್ಲಿ ಮಾತ್ರ ವಿವಾದವಿಲ್ಲ.