ಡಿಫಿಬ್ರಿಲೇಟರನ್ನು ಆಸ್ಪತ್ರೆಯಿಂದ ಹೊರತಂದ ವೈದ್ಯ: ಫ್ರ್ಯಾಂಕ್ ಪ್ಯಾಂಟ್ರಿಡ್ಜ್

ವಿಮಾನ ನಿಲ್ದಾಣದ ಗೋಡೆಯ ಮೇಲೆ ಹೃದಯದ ಚಿತ್ರವಿರುವ ಚಿಕ್ಕ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅದರೊಳಗಿರುವುದು ಎಇಡಿ, ಅಂದರೆ ಸಾಮಾನ್ಯ ಜನರೂ ಬಳಸಬಹುದಾದ ಡಿಫಿಬ್ರಿಲೇಟರ್. ಈ ಯಂತ್ರ ಆಸ್ಪತ್ರೆಯ ಹೊರಗೆ ಬರಲು ಮುಖ್ಯ ಕಾರಣರಾದವರು ಡಾ. ಫ್ರ್ಯಾಂಕ್ ಪ್ಯಾಂಟ್ರಿಡ್ಜ್.

ಇಂದಿನ ಉತ್ತರ ಐರ್ಲೆಂಡ್‌ನ ಹಿಲ್ಸ್‌ಬರೊದಲ್ಲಿ 1916ರಲ್ಲಿ ಜನಿಸಿದ ಅವರು 1939ರಲ್ಲಿ ವೈದ್ಯರಾದರು. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದಾಗ, 1942ರಲ್ಲಿ ಸಿಂಗಪುರ ಜಪಾನೀಯರ ವಶವಾಯಿತು. ಯುದ್ಧಕೈದಿಯಾಗಿ ಬರ್ಮಾ ರೈಲುಮಾರ್ಗದ ಶಿಬಿರಗಳಲ್ಲಿ ನರಳಿದರು. ವಿಟಮಿನ್ ಬಿ1 ಕೊರತೆಯಿಂದ ಬರುವ ಬೆರಿಬೆರಿ ಅವರ ಹೃದಯವನ್ನೂ ಬಾಧಿಸಿತು. ಬದುಕಿ ಮರಳಿದ ಮೇಲೆ ಹೃದ್ರೋಗವನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ಬೆಲ್‌ಫಾಸ್ಟ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತಜ್ಞರಾದರು.

ಹೃದಯಾಘಾತದಿಂದ ಸಾಯುವವರಲ್ಲಿ ಹೆಚ್ಚಿನವರು ಆಸ್ಪತ್ರೆ ತಲುಪುವ ಮೊದಲೇ ಸಾಯುತ್ತಾರೆ ಎಂಬುದು ಅವರನ್ನು ಕಾಡಿತು. ಹೃದಯದ ಕೆಳಕೋಣೆಗಳು ಲಯ ತಪ್ಪಿ ಬರಿದೇ ಅದುರತೊಡಗಿದರೆ ರಕ್ತ ಹರಿಯುವುದಿಲ್ಲ. ಆಗ ವಿದ್ಯುತ್ ಆಘಾತ ನಿಮಿಷಗಳೊಳಗೆ ಸಿಗಬೇಕು. ರೋಗಿ ಬರುವವರೆಗೆ ಕಾಯುವ ಬದಲು ಯಂತ್ರವೇ ರೋಗಿಯ ಬಳಿ ಹೋಗಲಿ ಎಂದು ಅವರು ನಿರ್ಧರಿಸಿದರು.

1965ರಲ್ಲಿ ಅವರ ತಂಡ ಕಾರ್ ಬ್ಯಾಟರಿಗಳಿಂದ ನಡೆಯುವ ಡಿಫಿಬ್ರಿಲೇಟರ್ ತಯಾರಿಸಿತು. ತೂಕ ಸುಮಾರು 70 ಕೆಜಿ! 1966ರಲ್ಲಿ ಡಾ. ಜಾನ್ ಗೆಡ್ಡೆಸ್ ಜೊತೆ ಅದನ್ನು ಆಂಬುಲೆನ್ಸ್‌ನಲ್ಲಿ ಮನೆಮನೆಗೆ ಒಯ್ಯುವ ಸೇವೆ ಆರಂಭಿಸಿದರು. ಹಲವು ವೈದ್ಯರು ಇದನ್ನು ನಂಬಲಿಲ್ಲ. 1967ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದಾಗ ಜಗತ್ತು ಗಮನಿಸಿತು. 1968ರ ಹೊತ್ತಿಗೆ ಯಂತ್ರದ ತೂಕ ಸುಮಾರು 3 ಕೆಜಿಗೆ ಇಳಿದಿತ್ತು. ಬೆಂಕಿ ನಂದಿಸುವ ಸಾಧನದಂತೆ ಇದೂ ಜನರಿರುವಲ್ಲೆಲ್ಲ ಇರಬೇಕೆಂದು ಅವರು ವಾದಿಸುತ್ತಿದ್ದರು. 2004ರಲ್ಲಿ, 88ನೇ ವಯಸ್ಸಿನಲ್ಲಿ ನಿಧನರಾದರು.

ಅವರ ವಾದ ಇಂದು ನಮ್ಮ ಮುಂದಿದೆ. ಓಟದ ಸ್ಪರ್ಧೆ, ಮದುವೆ, ಸಂಘದ ವಾರ್ಷಿಕೋತ್ಸವಗಳಲ್ಲಿ ಯಾರಾದರೂ ಕುಸಿದು, ಪ್ರತಿಕ್ರಿಯಿಸದೆ, ಸರಿಯಾಗಿ ಉಸಿರಾಡದಿದ್ದರೆ 112ಕ್ಕೆ ಕರೆ ಮಾಡಿಸಿ. ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ. ಎಇಡಿ ತರಿಸಿ, ಅದು ಹೇಳಿದಂತೆ ಮಾಡಿ. ಹೃದಯದ ಲಯವನ್ನು ಅದೇ ಪರೀಕ್ಷಿಸುತ್ತದೆ. ಅಗತ್ಯವಿಲ್ಲದಿದ್ದರೆ ಆಘಾತ ಕೊಡುವುದಿಲ್ಲ. ಹಾಗಾಗಿ ತಪ್ಪಾದೀತೆಂಬ ಭಯ ಬೇಡ.

ಮನೆಯಲ್ಲಿ ಹೃದ್ರೋಗಿಗಳಿದ್ದರೆ, ಮುಂದಿನ ಕಾರ್ಯಕ್ರಮದ ಆಯೋಜಕರನ್ನು ಮೊದಲೇ ಕೇಳಿ: ಎಇಡಿ ಇದೆಯೇ? ಎಲ್ಲಿದೆ? ಬ್ಯಾಟರಿ ಸರಿಯಿದೆಯೇ? ಬಳಸಲು ಯಾರಿಗೆ ಗೊತ್ತು?