ವೈಣಿಕ ಶಿಖಾಮಣಿ ಶೇಷಣ್ಣನವರು

ತುಂಗಭದ್ರೆಯ ತೀರದ ಹರಿಹರವು ಹಿಂದೆ ಮೈಸೂರು ಸಂಸ್ಥಾನದ ಉತ್ತರದ ಗಡಿಯಾಗಿದ್ದಿತು. ಇಲ್ಲಿಯೂ ನೆರೆಯ ದಾವಣಗೆರೆಯಲ್ಲಿಯೂ ಅರಳೆ, ನೂಲು, ಯಂತ್ರಗಳ ಉದ್ಯಮಗಳು ಬೆಳೆದು ಅನೇಕ ಕುಟುಂಬಗಳಿಗೆ ಅನ್ನವನ್ನಿತ್ತಿವೆ; ಈಗ ಕರೂರು ಕೈಗಾರಿಕಾ ಪ್ರದೇಶವೂ ಅದೇ ಸಾಲಿಗೆ ಸೇರಿದೆ. ಯಂತ್ರದ ಮುಂದೆ ನಿಂತು ದುಡಿದವರಿಗೆಲ್ಲ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ಕೈ ಪಳಗದೆ ಯಾವ ಕೆಲಸವೂ ಬಾರದು. ಕೈ ಪಳಗಬೇಕಾದರೆ ಪಕ್ಕದಲ್ಲಿದ್ದು ಬೇಸರಿಸದೆ ತಿದ್ದುವವರೊಬ್ಬರು ಬೇಕು. ಸಂಗೀತವಿದ್ಯೆಗೂ ಇದೇ ನಿಯಮ. ನಮ್ಮ ನಾಡಿನ ವೀಣಾವಾದನಕ್ಕೆ ಭಾರತದಲ್ಲೆಲ್ಲ ಕೀರ್ತಿಯನ್ನು ತಂದ ಶೇಷಣ್ಣನವರ ಚರಿತ್ರೆಯು ಇದಕ್ಕೆ ಉತ್ತಮವಾದ ನಿದರ್ಶನವಾಗಿರುವುದರಿಂದ, ಅದನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುವೆವು.

ಶೇಷಣ್ಣನವರು 1852ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರದು ತಲೆತಲಾಂತರದಿಂದ ವೀಣೆಯನ್ನೇ ವೃತ್ತಿಯಾಗಿ ಹಿಡಿದ ಮನೆತನ. ತಂದೆ ಬಕ್ಷಿ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೈಣಿಕರಾಗಿದ್ದರು. ಆ ಕಾಲದಲ್ಲಿ ಸಂಗೀತಕ್ಕೆ ಪಾಠಶಾಲೆಗಳಿರಲಿಲ್ಲ. ಯೂರೋಪಿನಲ್ಲಾದರೋ ಪ್ಯಾರಿಸ್ ನಗರದಲ್ಲಿ 1795ರಲ್ಲಿಯೂ ಲಂಡನ್ನಿನಲ್ಲಿ 1822ರಲ್ಲಿಯೂ ಸಂಗೀತ ವಿದ್ಯಾಲಯಗಳು ಸ್ಥಾಪಿತವಾಗಿ, ಪಿಟೀಲು ಮುಂತಾದ ವಾದ್ಯಗಳನ್ನು ಕಲಿಯುವ ಮಕ್ಕಳು ತರಗತಿಗಳಲ್ಲಿ ಕ್ರಮವಾಗಿ ಅಭ್ಯಾಸಮಾಡಿ ಪರೀಕ್ಷೆಗಳನ್ನು ಕೊಡುತ್ತಿದ್ದರು. ನಮ್ಮಲ್ಲಿ ಮನೆಯೇ ಪಾಠಶಾಲೆ, ಹಿರಿಯರೇ ಉಪಾಧ್ಯಾಯರು, ರಾಜಸಭೆಯೇ ಪರೀಕ್ಷೆ.

ಅಂತಹ ಪರೀಕ್ಷೆಯೊಂದು ಶೇಷಣ್ಣನವರಿಗೆ ಬಾಲ್ಯದಲ್ಲಿಯೇ ಒದಗಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅವರಿಗೆ ಆಗ ಹತ್ತು ವರ್ಷದ ಪ್ರಾಯ. ಶಿವರಾತ್ರಿಯ ದಿನ ಅರಮನೆಯಲ್ಲಿ ಪರಸ್ಥಳದ ವಿದ್ವಾಂಸರೊಬ್ಬರು ಕ್ಲಿಷ್ಟವಾದ ಪಲ್ಲವಿಯೊಂದನ್ನು ಹಾಡಿದರು. ಪಲ್ಲವಿಯೆಂದರೆ ಒಂದೇ ಸಾಲಿನ ಸಾಹಿತ್ಯವನ್ನು ತಾಳದಲ್ಲಿ ಕೂರಿಸಿ, ಲಯ ತಪ್ಪದಂತೆ ನಾನಾ ವಿಧವಾಗಿ ವಿಸ್ತರಿಸುವುದು. ಸಭೆಯಲ್ಲಿದ್ದ ಪ್ರೌಢರು ಅದನ್ನು ಹಿಂದಿರುಗಿ ಹೇಳಲು ಅನುಮಾನಿಸುತ್ತಿರಲು, ಈ ಬಾಲಕನು ಅದನ್ನು ಹಾಡಿ ತೋರಿಸಿದನಂತೆ. ಮಹಾರಾಜರು ಸಂತೋಷಗೊಂಡು ತಮ್ಮ ಮುತ್ತಿನ ಹಾರವನ್ನು ಅವನ ಕೊರಳಿಗೆ ಹಾಕಿದರೆಂಬುದು ಪ್ರತೀತಿ.

ಇಷ್ಟರಿಂದಲೇ ಕಥೆಯು ಸುಖವಾಗಿ ಸಾಗಿತೆಂದು ವಾಚಕರು ಭಾವಿಸಬಾರದು. ಮಗನಿನ್ನೂ ಎಳೆಯವನಾಗಿರುವಾಗಲೇ ಚಿಕ್ಕರಾಮಪ್ಪನವರು ಕಾಲವಾದರು. ವಿದ್ಯೆಯು ತಂದೆಯ ಕೈಯಲ್ಲಿ ಮಾತ್ರ ಇದ್ದ ಕಾಲದಲ್ಲಿ ತಂದೆಯು ಹೋದರೆ ಮಗನಿಗೆ ಅನ್ನದೊಡನೆ ವಿದ್ಯೆಯೂ ತಪ್ಪಿಹೋಗುವುದು. ಪುಸ್ತಕವನ್ನು ನೋಡಿ ಕಲಿಯುವಂತಿಲ್ಲ, ಕೇಳಿಯೇ ಕಲಿಯಬೇಕು. ಹೀಗೆ ಕುಲವಿದ್ಯೆಯ ಎಳೆಯು ಕಡಿದುಹೋಗಬಹುದಾಗಿದ್ದ ಸಮಯದಲ್ಲಿ ಅದನ್ನು ಹಿಡಿದು ನಿಲ್ಲಿಸಿದವರು ಅಕ್ಕ ವೆಂಕಮ್ಮನವರು. ಆಕೆಯು ತಾನೂ ವೀಣೆಯನ್ನು ಬಲ್ಲವಳಾಗಿದ್ದು, ತಮ್ಮನ ಅಭ್ಯಾಸವನ್ನು ತಾನೇ ನೋಡಿಕೊಂಡಳು. ಬಳಿಕ ದೊಡ್ಡ ಶೇಷಣ್ಣನವರಲ್ಲಿ ವೀಣೆಯ ಶಿಕ್ಷಣವೂ, ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮೈಸೂರು ಸದಾಶಿವರಾಯರಲ್ಲಿ ಗಾಯನದ ಶಿಕ್ಷಣವೂ ದೊರೆತು ವಿದ್ಯೆಯು ಪೂರ್ಣವಾಯಿತು.

ಆ ಶಿಕ್ಷಣದ ಶ್ರಮವು ಎಂತಹುದೆಂಬುದನ್ನು ಇಲ್ಲಿ ಸ್ವಲ್ಪ ತಿಳಿಸುವುದು ಯುಕ್ತ. ಹಲಸಿನ ಮರದಿಂದ ಮಾಡಿದ ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟುಗಳಿರುವುವು. ಏಳು ತಂತಿಗಳಲ್ಲಿ ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ಎಡಗೈಯ ಬೆರಳು ತಂತಿಯನ್ನು ಒತ್ತಿ ಎಳೆಯುವಾಗ ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೂ ಸ್ವರವು ಕೆಡುವುದು. ಮೊದಲು ಸರಳೆ, ಜಂಟಿವರಸೆ, ಅಲಂಕಾರಗಳನ್ನು ಮೂರು ಕಾಲಗಳಲ್ಲಿ ಸಾಧಿಸಬೇಕು; ಅನಂತರ ಗೀತೆ, ವರ್ಣ, ಕೃತಿಗಳು; ಕಟ್ಟಕಡೆಗೆ ರಾಗ, ತಾನ, ಪಲ್ಲವಿ. ಬೆರಳ ತುದಿಯು ಮೊದಲು ನೊಂದು, ಬಳಿಕ ಜಡ್ಡುಗಟ್ಟಿ, ಆಮೇಲೆ ತಂತಿಯ ನುಡಿಗೆ ಒಗ್ಗುವುದು. ಇದು ತಿಂಗಳುಗಳ ಮಾತಲ್ಲ; ವರ್ಷಗಳ ಮಾತು. ಆ ವರ್ಷಗಳಲ್ಲಿ ಮೆಚ್ಚುವ ಸಭೆಯಿರುವುದಿಲ್ಲ. ತಪ್ಪನ್ನು ಕಂಡುಹಿಡಿಯುವ ಕಿವಿಯೊಂದು ಮಾತ್ರ ಮನೆಯೊಳಗೆ ಇರುವುದು.

1881ರಲ್ಲಿ ಸಂಸ್ಥಾನದ ಆಡಳಿತವು ಚಾಮರಾಜೇಂದ್ರ ಒಡೆಯರ ವಶಕ್ಕೆ ಬಂದಿತು. ಮರುವರ್ಷ, ಅಂದರೆ 1882ರಲ್ಲಿ, ಶೇಷಣ್ಣನವರು ಆಸ್ಥಾನ ವಿದ್ವಾಂಸರಾಗಿ ನೇಮಕಹೊಂದಿದರು. ಆಗ ಧ್ವನಿವರ್ಧಕಗಳಿರಲಿಲ್ಲ. ವೀಣೆಯ ನಾದವು ಮೃದುವಾದುದರಿಂದ ಅದು ಸಾವಿರಾರು ಜನರ ಬಯಲಿಗೆ ಸಲ್ಲದೆ, ಆಯ್ದ ರಸಿಕರು ಹತ್ತಿರ ಕುಳಿತು ಕೇಳುವ ಒಳಾಂಗಣಕ್ಕೆ ಸಲ್ಲುವುದಾಗಿತ್ತು. ಪಾಶ್ಚಾತ್ಯರಲ್ಲಿಯೂ ಎರಡು ಪಿಟೀಲುಗಳು, ಸ್ವಲ್ಪ ದೊಡ್ಡದಾದ ವಿಯೋಲ, ಮತ್ತೂ ದೊಡ್ಡದಾದ ಚೆಲ್ಲೊ ಈ ನಾಲ್ಕು ವಾದ್ಯಗಳು ಕೂಡಿ ನುಡಿಯುವ ಕೋಣೆಯ ಸಂಗೀತವೊಂದುಂಟು. ಅಂತಹ ಸಂಗೀತದಲ್ಲಿ ಆಡಂಬರಕ್ಕೆ ಎಡೆಯಿಲ್ಲ. ಒಬ್ಬರ ತಪ್ಪು ಮತ್ತೊಬ್ಬರ ಗದ್ದಲದಲ್ಲಿ ಮುಚ್ಚಿಹೋಗುವುದಿಲ್ಲ. ಮೈಸೂರಿನಲ್ಲಿ ಶೇಷಣ್ಣನವರೂ ವೀಣೆ ಸುಬ್ಬಣ್ಣನವರೂ ಜೊತೆಯಾಗಿ ನುಡಿಸುತ್ತಿದ್ದ ಜೋಡಿವೀಣೆಯು ಈ ಬಗೆಯದು. ಸಮಾನವಿದ್ಯೆಯುಳ್ಳ ಇಬ್ಬರು ಒಬ್ಬರನ್ನೊಬ್ಬರು ಮೀರಿಸಲು ಯತ್ನಿಸದೆ, ಒಬ್ಬರ ನುಡಿಗೆ ಮತ್ತೊಬ್ಬರು ಕಿವಿಗೊಟ್ಟು ನಡೆಯುವುದು ಒಬ್ಬೊಂಟಿಯಾಗಿ ನುಡಿಸುವುದಕ್ಕಿಂತ ಕಷ್ಟವಾದುದು.

ಶೇಷಣ್ಣನವರು ಕುಲವಿದ್ಯೆಯಲ್ಲಿಯೇ ತೃಪ್ತರಾಗಿ ಕುಳಿತವರಲ್ಲ. ಪಿಟೀಲು, ಸ್ವರಬತ್, ಜಲತರಂಗ ಮುಂತಾದುವುಗಳನ್ನು ಅಭ್ಯಾಸಮಾಡಿದರು. ವಿದೇಶೀಯವಾದ ಪಿಯಾನೋವನ್ನೂ ಕಲಿತರು. ಶೇಷ ಎಂಬ ಅಂಕಿತದಲ್ಲಿ ಕೃತಿಗಳನ್ನೂ ವರ್ಣ, ತಿಲ್ಲಾನಗಳನ್ನೂ ರಚಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದನ್ನಿತ್ತು ಗೌರವಿಸಿದರು.

ಬರೋಡೆಯ ಮಹಾರಾಜರು ಅವರ ವಾದನಕ್ಕೆ ಮೆಚ್ಚಿ ಪಲ್ಲಕ್ಕಿಯ ಮರ್ಯಾದೆಯನ್ನು ಮಾಡಿದರೆಂದೂ, ಮೈಸೂರಿಗೆ ಮರಳಿದಾಗ ಆ ಪಲ್ಲಕ್ಕಿಯಲ್ಲಿ ಮೆರವಣಿಗೆಯಾಗಬೇಕೆಂದು ಇಲ್ಲಿಯ ಪ್ರಭುಗಳು ಅಪ್ಪಣೆಮಾಡಲು, ಶೇಷಣ್ಣನವರು ಒಳಗೆ ವೀಣೆಯನ್ನಿರಿಸಿ ತಾವು ಪಕ್ಕದಲ್ಲಿ ನಡೆದುಬಂದರೆಂದೂ ಹೇಳುವರು. ಮರ್ಯಾದೆಯು ವಿದ್ಯೆಗೆ ಸಲ್ಲತಕ್ಕದ್ದೆಂಬ ಭಾವನೆಯುಳ್ಳವರು ಮಾತ್ರ ಹಾಗೆ ನಡೆಯಬಲ್ಲರು.

1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಸಭೆಯು ಸೇರಿತು. ಎಪ್ಪತ್ತು ದಾಟಿದ ಶೇಷಣ್ಣನವರು ಅಲ್ಲಿ ವೀಣೆಯನ್ನು ನುಡಿಸಿದರು. ಮೈಸೂರು ಕಡೆಯಿಂದ ಬೆಳಗಾವಿಗೆ ಹೋಗುವ ರೈಲುಹಾದಿಯು ನಮ್ಮ ದಾವಣಗೆರೆ ಹರಿಹರಗಳನ್ನು ಹಾದೇ ಹೋಗುವುದು. ಅರಮನೆಯ ಒಳಾಂಗಣದ ವಿದ್ಯೆಯು ಮುಪ್ಪಿನಲ್ಲಿ ನದಿಯಾಚೆಗೆ, ಸಂಸ್ಥಾನದ ಗಡಿಯಾಚೆಗೆ, ಜನಸಮೂಹದ ನಡುವೆ ಬಂದು ಕುಳಿತಿತು.

1926ರ ಜುಲೈ 25ರಂದು ಶೇಷಣ್ಣನವರು ದಿವಂಗತರಾದರು. ಆದರೆ ಎಳೆಯು ಕಡಿಯಲಿಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರಕಲೆಯನ್ನು ಕಲಿತು ಬಂದ ಕೆ. ವೆಂಕಟಪ್ಪನವರು ಅವರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡು ವೀಣೆಯನ್ನು ಸಾಧಿಸಿದರು. ಭೈರವಿ ಲಕ್ಷ್ಮೀನಾರಣಪ್ಪನವರೂ ವೆಂಕಟಗಿರಿಯಪ್ಪನವರೂ ಅವರ ಶಿಷ್ಯರಲ್ಲಿ ಪ್ರಖ್ಯಾತರು. ವೆಂಕಟಗಿರಿಯಪ್ಪನವರ ಶಿಷ್ಯರಾದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು 1997ರಲ್ಲಿ ತಾವು ಕಾಲವಾಗುವವರೆಗೂ ಮೈಸೂರು ಬಾನಿಯನ್ನು ನಾಡಿಗೆ ಕೇಳಿಸಿದರು.

ಈ ಪರಂಪರೆಯನ್ನು ಎಣಿಸುವಾಗ ನಾವು ಬಿರುದು ಪಡೆದವರ ಹೆಸರುಗಳನ್ನೇ ಎಣಿಸುವೆವು. ವೆಂಕಮ್ಮನವರಿಗೆ ಬಿರುದಿಲ್ಲ, ಆಸ್ಥಾನ ವಿದ್ವಾಂಸರ ಸಾಲಿನಲ್ಲಿ ಆಕೆಯ ಹೆಸರು ಕೇಳಿಬರುವುದಿಲ್ಲ. ಮನೆಯ ಹೆಣ್ಣುಮಕ್ಕಳು ವೀಣೆಯನ್ನು ಕಲಿತರೂ ಹೊಸಿಲೊಳಗೇ ನುಡಿಸಬೇಕಾಗಿದ್ದ ಕಾಲವದು. ಆಕೆಯ ಕೈಯಿಂದ ಯಾವ ಸ್ವರವು ಹೊಮ್ಮುತ್ತಿತ್ತೆಂಬುದನ್ನು ಲೋಕವು ಕೇಳಲಿಲ್ಲ. ತಮ್ಮನ ಕೈಯಿಂದ ಕೇಳಿತು. ಅದು ತಮ್ಮನಿಗೆ ಲಾಭವಾಯಿತು, ನಾಡಿಗೂ ಲಾಭವಾಯಿತು. ಆದರೆ ನಾಡಿಗೆ ನಷ್ಟವೂ ಆಯಿತೆಂಬುದನ್ನು ಮರೆಯಲಾಗದು.

ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರಾಗಿ, ಅಕ್ಕಂದಿರಾಗಿ, ಉಪಾಧ್ಯಾಯಿನಿಯರಾಗಿ ಮಕ್ಕಳ ಪಾಠವನ್ನು ತಿದ್ದುತ್ತಿರುವಿರಿ. ಆ ಕೆಲಸವು ವೆಂಕಮ್ಮನವರ ಕೆಲಸ. ಅದಕ್ಕಿಂತ ಹಿರಿದಾದುದು ವಿರಳ. ಆದರೆ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆಯುಂಟು. ನಿಮ್ಮ ಮನೆಯಲ್ಲಿ ಮಗನ ಪಕ್ಕದಲ್ಲಿ ಕುಳಿತು ತಿದ್ದುವ ಮಗಳಿದ್ದರೆ, ಅವಳ ಮುಂದೆಯೂ ಒಂದು ವೀಣೆಯನ್ನಿರಿಸಿರಿ. ಅವಳು ನುಡಿಸುವಾಗ ಬಾಗಿಲನ್ನು ತೆರೆದಿಡಿರಿ.