ವಿಲಿಯಂ ಕೇರಿ

ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ 1761ರಲ್ಲಿ ಜನಿಸಿದ ವಿಲಿಯಂ ಕೇರಿಯವರು ಮೊದಲು ಪಾದರಕ್ಷೆಗಳನ್ನು ಹೊಲಿದು ಜೀವಿಸುತ್ತಿದ್ದರು. 1793ರಲ್ಲಿ ಕ್ರೈಸ್ತ ಧರ್ಮಪ್ರಚಾರಕರಾಗಿ ಬಂಗಾಳಕ್ಕೆ ಬಂದರು. 1800ರಲ್ಲಿ ಸಂಗಡಿಗರೊಡನೆ ಶ್ರೀರಾಮಪುರದಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, ಭಾರತದ ಹಲವು ಭಾಷೆಗಳಲ್ಲಿ ಗ್ರಂಥಗಳನ್ನು ಅಚ್ಚು ಮಾಡಿಸಿದರು.

1812ರ ಮಾರ್ಚ್ 11ರ ಸಂಜೆ ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದದ ರಾಶಿ, ಅಚ್ಚುಮೊಳೆಗಳು, ಹಲವು ವರ್ಷಗಳ ಶ್ರಮದಿಂದ ಸಿದ್ಧವಾಗಿದ್ದ ನಿಘಂಟು ಹಾಗೂ ವ್ಯಾಕರಣಗಳ ಹಸ್ತಪ್ರತಿಗಳು ಅಗ್ನಿಗೆ ಆಹುತಿಯಾದವು. ಅವುಗಳಲ್ಲಿ ಕನ್ನಡದ ಹಸ್ತಪ್ರತಿಗಳೂ ಇದ್ದವು. ಕಲ್ಕತ್ತೆಯಲ್ಲಿದ್ದ ಕೇರಿಯವರಿಗೆ ಮರುದಿನ ಸುದ್ದಿ ತಿಳಿಯಿತು. ಹಿಂದಿರುಗಿ ಬಂದು ಬೂದಿಯ ನಡುವೆ ನಿಂತಾಗ ಅವರ ಕಣ್ಣುಗಳು ತುಂಬಿ ಬಂದವು.

ಆದರೂ ಅವರು ದೇವರನ್ನು ದೂರಲಿಲ್ಲ. ಉಳಿದುದಕ್ಕಾಗಿ ಕೃತಜ್ಞರಾದರು. ಯಾರ ಪ್ರಾಣಕ್ಕೂ ಹಾನಿಯಾಗಿರಲಿಲ್ಲ, ಮುದ್ರಣಯಂತ್ರಗಳು ಉಳಿದಿದ್ದವು, ಮೊಳೆಗಳನ್ನು ಎರಕ ಹೊಯ್ಯುವ ಅಚ್ಚುಗಳು ಬೂದಿಯಡಿಯಲ್ಲಿ ದೊರೆತವು. ಕರಗಿಹೋಗಿದ್ದ ಲೋಹದಿಂದಲೇ ಹೊಸ ಮೊಳೆಗಳು ಸಿದ್ಧವಾದವು. ಒಮ್ಮೆ ನಡೆದ ದಾರಿಯಲ್ಲಿ ಮತ್ತೆ ನಡೆಯುವುದು ಸುಲಭವೆಂದು ಭಾವಿಸಿ, ಕೇರಿಯವರು ನಾಶವಾದುದನ್ನು ಪುನಃ ಬರೆಯತೊಡಗಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು.

1834ರಲ್ಲಿ ಅವರು ಶ್ರೀರಾಮಪುರದಲ್ಲಿಯೇ ನಿಧನ ಹೊಂದಿದರು. ಕಷ್ಟಕಾಲದಲ್ಲಿಯೂ ದೇವರಿಗೆ ವಂದಿಸಿ ಕಾರ್ಯವನ್ನು ಮುಂದುವರಿಸಿದ ಅವರ ಬಾಳು ಆದರ್ಶಪ್ರಾಯವಾದುದು.